ಪುಸ್ತಕದ ಪತ್ತೇದಾರ, ಪರದೆಯ ಪತ್ತೇದಾರ

(ಝಳಕಿಯಲ್ಲಿ ಓದುಗರ ಮುಂದೆ ಮಾಡಿದ ಭಾಷಣದ ಬರಹರೂಪ)

ಝಳಕಿಯಲ್ಲಿ ಟೀವಿಯ ಮಾತು ಎತ್ತುವವರು ಮೊದಲಿಗೆ ಒಂದು ಹಳೆಯ ಸಂಗತಿ ನೆನೆಯಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳು ಟೀವಿ ನೋಡಿದ್ದವು. ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಭಾರತ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದೊಂದು ಟೀವಿ ಕೊಟ್ಟು, ತಂತಿ ಜಾಲರಿಯ ದೊಡ್ಡ ಬುಟ್ಟಿಯಂಥ ಆಂಟೆನಾ ನಿಲ್ಲಿಸಿದ್ದರು. ರಾಜಧಾನಿಗಿಂತ ಮೊದಲೇ ಟೀವಿ ಕಂಡ ಸೀಮೆ ಇದು.

ಆಗ ತೋರಿಸಿದ್ದು ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ, ಸುದ್ದಿ. ಅದರಲ್ಲಿ ಪತ್ತೇದಾರರಿಗೆ ಜಾಗವಿರಲಿಲ್ಲ. ಆದರೆ ಒಂದೇ ಪೆಟ್ಟಿಗೆಯ ಮುಂದೆ ಊರೇ ಕುಳಿತಾಗ ನೋಡುವುದೂ ಮಾತಾಡುವುದೂ ಒಟ್ಟಿಗೇ ನಡೆಯುವ ಕೆಲಸ. ಬಯಲಾಟದ ಮುಂದೆ ಕೂತ ಜನ ಹಾಗೆಯೇ ಇರುತ್ತಾರೆ. ‘ಹೋದ ವರ್ಷದ ದೊರೆ ಇವನಿಗಿಂತ ಚಲೋ ಇದ್ದ’ ಎಂದು ಒಬ್ಬ ಅನ್ನುತ್ತಾನೆ, ಪಕ್ಕದವನು ಒಪ್ಪುವುದಿಲ್ಲ. ನೋಡುಗರ ಅಭಿಪ್ರಾಯ ಎಂಬ ದೊಡ್ಡ ಮಾತಿನ ಬೇರು ಇಲ್ಲಿದೆ.

ಇಂದಿನ ವಿಷಯ ಆ ಅಭಿಪ್ರಾಯದ ಒಂದು ವಿಶೇಷ ಬಗೆಗೆ ಸಂಬಂಧಿಸಿದ್ದು. ಜನ ಮೆಚ್ಚಿ ಓದಿದ ಪತ್ತೇದಾರಿ ಕಥೆಗಳು ಟೀವಿಗೆ ಬಂದಾಗ ನೋಡುಗರು ಏನನ್ನುತ್ತಾರೆ, ಏಕೆ ಅನ್ನುತ್ತಾರೆ? ಆ ಜಗಳದಲ್ಲಿ ಹುರುಳು ಇದೆಯೇ? ಕನ್ನಡದ ಪತ್ತೇದಾರರ ಪಾಲಿಗೆ ಇಂಥದೊಂದು ಜಗಳ ಏಕೆ ಜೋರಾಗಿ ನಡೆಯಲಿಲ್ಲ?

ಟೀವಿಗಿಂತ ಹಳೆಯ ತಕರಾರು

ಈ ತಕರಾರು ಟೀವಿ ಬಂದ ಮೇಲೆ ಹುಟ್ಟಿದ್ದಲ್ಲ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಓದುಗರ ಮುಂದೆ ತಂದರು. 1893ರಲ್ಲಿ, ಬರೆದು ಸಾಕಾಗಿ, ಅವನನ್ನು ಜಲಪಾತಕ್ಕೆ ಬೀಳಿಸಿ ಮುಗಿಸಿಬಿಟ್ಟರು. ಓದುಗರು ಸುಮ್ಮನಿರಲಿಲ್ಲ, ಸಿಟ್ಟಿನ ಪತ್ರಗಳನ್ನು ಬರೆದರು. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಹೋಮ್ಸ್ ಸತ್ತೇ ಇರಲಿಲ್ಲ ಎಂದು ಲೇಖಕರು ಬರೆಯಬೇಕಾಯಿತು. ಒಟ್ಟು ನಾಲ್ಕು ಕಾದಂಬರಿ, 56 ಸಣ್ಣ ಕಥೆಗಳು ಬಂದವು. ಪಾತ್ರವನ್ನು ಹುಟ್ಟಿಸಿದವರಿಗೂ ಅದರ ಮೇಲೆ ಪೂರ್ತಿ ಹಕ್ಕು ಉಳಿಯಲಿಲ್ಲ ಎಂಬುದು ಆಗಲೇ ತಿಳಿಯಿತು.

ಹೋಮ್ಸ್ ಎಂದೊಡನೆ ಕಣ್ಣಿಗೆ ಕಟ್ಟುವ ರೂಪವೂ ಡಾಯ್ಲ್ ಒಬ್ಬರದೇ ಅಲ್ಲ. ಕಿವಿ ಮುಚ್ಚುವ ಆ ಬೇಟೆಗಾರನ ಟೊಪ್ಪಿಗೆಯನ್ನು ಜನಮನದಲ್ಲಿ ಕೂರಿಸಿದವರು ಪತ್ರಿಕೆಗೆ ಚಿತ್ರ ಬರೆದ ಸಿಡ್ನಿ ಪ್ಯಾಜೆಟ್. ಬಾಗಿದ ಪೈಪು ರಂಗಭೂಮಿಯಿಂದ ಬಂತು. ‘ಪುಸ್ತಕದಲ್ಲಿರುವ ಹಾಗೆ ಇಲ್ಲ’ ಎಂದು ಟೀವಿ ನೋಡಿ ದೂರುವವರು ಎಷ್ಟೋ ಸಲ ಪುಸ್ತಕದಲ್ಲಿಲ್ಲದ ಚಿತ್ರವನ್ನೇ ಪುಸ್ತಕದ್ದೆಂದು ತಿಳಿದಿರುತ್ತಾರೆ. ಅದು ಅವರ ತಪ್ಪಲ್ಲ. ಓದುವವರು ತಮಗೆ ಬೇಕಾದ ಮುಖವನ್ನು ತಾವೇ ಕೂಡಿಸಿಕೊಂಡು ಓದುತ್ತಾರೆ. ಅದಕ್ಕೇ ಒಂದು ಪಾತ್ರಕ್ಕೆ ಲಕ್ಷ ಓದುಗರಿದ್ದರೆ ಲಕ್ಷ ಮುಖಗಳಿರುತ್ತವೆ. ಟೀವಿಗೆ ಬರುವುದು ಒಂದೇ ಮುಖ.

ಮೂರು ಬಗೆಯ ದೂರು

ನೋಡುಗರ ಮಾತುಗಳನ್ನು ಜರಡಿ ಹಿಡಿದರೆ ಮೂರು ದೂರುಗಳು ಉಳಿಯುತ್ತವೆ. ಮೊದಲನೆಯದು ಮುಖದ್ದು: ‘ಇವನು ಅವನಲ್ಲ’. ಸತ್ಯಜಿತ್ ರೇ 1965ರಿಂದ ಬರೆದ ಫೆಲುದಾ ಕಥೆಗಳ ನಾಯಕ ಎತ್ತರದ, ತೆಳ್ಳನೆಯ ಯುವಕ. 1974ರ ‘ಸೋನಾರ್ ಕೆಲ್ಲಾ’ ಸಿನಿಮಾದಲ್ಲಿ ಆ ಪಾತ್ರ ಮಾಡಿದವರು ಸೌಮಿತ್ರ ಚಟರ್ಜಿ. ಹನ್ನೆರಡು ವರ್ಷದ ಬಳಿಕ, 1986ರಲ್ಲಿ, ಸಂದೀಪ್ ರೇ ದೂರದರ್ಶನಕ್ಕೆ ‘ಕಿಸ್ಸಾ ಕಾಠ್ಮಂಡು ಕಾ’ ಮಾಡಿದಾಗ ಫೆಲುದಾ ಆದವರು ಶಶಿ ಕಪೂರ್. ಒಳ್ಳೆಯ ನಟ, ದೇಶಕ್ಕೆಲ್ಲ ಗೊತ್ತಿದ್ದ ಮುಖ. ಆದರೆ ಆ ಹೊತ್ತಿಗೆ ಅವರ ಮೈ ತುಂಬಿಕೊಂಡಿತ್ತು. ಪುಸ್ತಕ ಓದಿದ್ದ ಬಂಗಾಳಿಗಳಿಗೆ ಅದು ಹಿಡಿಸಲಿಲ್ಲ. ಪುಸ್ತಕ ಓದಿರದ ಉಳಿದ ಭಾರತಕ್ಕೆ ಅದು ತೊಡಕೇ ಆಗಲಿಲ್ಲ.

ಇದಕ್ಕೆ ತಿರುಗುಮುರುಗಾದ ನಿದರ್ಶನವೂ ಅದೇ ಕಥೆಗಳಲ್ಲಿದೆ. ಫೆಲುದಾನ ಗೆಳೆಯ ಲಾಲಮೋಹನ ಗಂಗೂಲಿ ‘ಜಟಾಯು’ ಎಂಬ ಹೆಸರಿನಲ್ಲಿ ರೋಚಕ ಕಾದಂಬರಿ ಬರೆಯುವ ಸಾಧು ಮನುಷ್ಯ. ಸಿನಿಮಾದಲ್ಲಿ ಸಂತೋಷ್ ದತ್ತಾ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ತಮ್ಮ ಕಥೆಗಳಿಗೆ ತಾವೇ ಚಿತ್ರ ಬರೆಯುತ್ತಿದ್ದ ರೇ ಆಮೇಲೆ ಜಟಾಯುವಿನ ಚಿತ್ರವನ್ನೇ ದತ್ತಾ ಹಾಗೆ ಬರೆಯತೊಡಗಿದರು. ಪರದೆ ಪುಸ್ತಕವನ್ನು ತಿದ್ದಿತು. 1988ರಲ್ಲಿ ದತ್ತಾ ತೀರಿಕೊಂಡರು. ರೇ ಅವರಿಂದ ಫೆಲುದಾ ಸಿನಿಮಾ ಮತ್ತೆ ಬರಲಿಲ್ಲ.

ಎರಡನೆಯ ದೂರು ಜೊತೆಗಾರನದು. ಪತ್ತೇದಾರನ ಪಕ್ಕದಲ್ಲಿರುವವನು ದಡ್ಡನೇ, ಗೆಳೆಯನೇ? 1939ರಿಂದ 1946ರವರೆಗೆ ಬಂದ 14 ಸಿನಿಮಾಗಳಲ್ಲಿ ಬ್ಯಾಸಿಲ್ ರಾಥ್‌ಬೋನ್ ಹೋಮ್ಸ್ ಆಗಿದ್ದರು. ಅವುಗಳಲ್ಲಿ ನೈಜೆಲ್ ಬ್ರೂಸ್ ಮಾಡಿದ ವಾಟ್ಸನ್ ತಡಬಡಿಸುವ ಹಾಸ್ಯಪಾತ್ರ. ಡಾಯ್ಲ್ ಬರೆದ ವಾಟ್ಸನ್ ಯುದ್ಧ ಕಂಡ ವೈದ್ಯ. 1984ರಿಂದ 1994ರವರೆಗೆ ಇಂಗ್ಲೆಂಡಿನ ಗ್ರನಾಡಾ ಟೆಲಿವಿಷನ್ ಜೆರೆಮಿ ಬ್ರೆಟ್ ಅವರನ್ನು ಹೋಮ್ಸ್ ಆಗಿಸಿ ತೆಗೆದ ಧಾರಾವಾಹಿಯಲ್ಲಿ ಆ ಅನ್ಯಾಯ ಸರಿಹೋಯಿತು. ಮೊದಲು ಡೇವಿಡ್ ಬರ್ಕ್, ಆಮೇಲೆ ಎಡ್ವರ್ಡ್ ಹಾರ್ಡ್‌ವಿಕ್, ಇಬ್ಬರೂ ವಾಟ್ಸನ್‌ನನ್ನು ಬುದ್ಧಿವಂತ, ನಂಬಬಹುದಾದ ಗೆಳೆಯನನ್ನಾಗಿ ತೋರಿಸಿದರು. ಆ ಧಾರಾವಾಹಿಯನ್ನು ಹೊಗಳುವವರು ಬ್ರೆಟ್‌ರ ಜೊತೆಗೇ ಇವರನ್ನೂ ನೆನೆಯುತ್ತಾರೆ. ಓದುವವರು ಕಥೆಯೊಳಗೆ ನಿಲ್ಲುವುದು ಪತ್ತೇದಾರನ ಜಾಗದಲ್ಲಲ್ಲ, ಅವನ ಗೆಳೆಯನ ಜಾಗದಲ್ಲಿ. ಗೆಳೆಯನನ್ನು ಹೀಗಳೆದರೆ ಓದುಗರನ್ನೇ ಹೀಗಳೆದ ಹಾಗೆ.

ಮೂರನೆಯ ದೂರು ಎಲ್ಲಕ್ಕಿಂತ ಗಂಭೀರ. ಅದು ಉತ್ತರವನ್ನೇ ಬದಲಿಸುವ ದೂರು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಕಾದಂಬರಿಗಳನ್ನು ಬಿಬಿಸಿ 1984ರಿಂದ 1992ರವರೆಗೆ ಜೋನ್ ಹಿಕ್ಸನ್ ಜೊತೆ ನಿಷ್ಠೆಯಿಂದ ತೆಗೆದಿತ್ತು. 2004ರಲ್ಲಿ ಬೇರೊಂದು ವಾಹಿನಿ ಹೊಸದಾಗಿ ಶುರುಮಾಡಿದಾಗ ಮೊದಲ ಕಥೆಯಲ್ಲೇ ಅಪರಾಧಿಗಳ ಪೈಕಿ ಒಬ್ಬರನ್ನು ಬದಲಿಸಿತು. ಮುಂದೆ ಮಾರ್ಪಲ್ ಇಲ್ಲದ ಕಥೆಗಳಲ್ಲೂ ಅವಳನ್ನು ತಂದು ಕೂರಿಸಿತು. ಹಳೆಯ ಓದುಗರು ಸಿಟ್ಟಾದರು. ಗೊತ್ತಿದ್ದ ಕಥೆಯಲ್ಲೂ ಕುತೂಹಲ ಉಳಿಯಲಿ ಎಂಬುದು ಬದಲಾವಣೆಯನ್ನು ಒಪ್ಪಿದವರ ವಾದ.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮುಖದ ದೂರು ಕಾಲ ಕಳೆದಂತೆ ಕರಗುತ್ತದೆ. ಜೊತೆಗಾರನ ದೂರು ಕಥೆಯ ನಡತೆಗೆ ಸಂಬಂಧಿಸಿದ್ದು. ಉತ್ತರದ ದೂರು ಕಥೆಯ ನ್ಯಾಯಕ್ಕೆ ಸಂಬಂಧಿಸಿದ್ದು.

ಸುಳಿವಿನ ನ್ಯಾಯ

ಪತ್ತೇದಾರಿ ಕಥೆ ಎಂದರೆ ಬರೆಯುವವರಿಗೂ ಓದುವವರಿಗೂ ನಡುವಣ ಒಂದು ಕರಾರು. ‘ನಾನು ಕಂಡದ್ದನ್ನೆಲ್ಲ ನಿನಗೂ ತೋರಿಸುತ್ತೇನೆ, ಆದರೂ ನಿನ್ನ ಕಣ್ಣು ತಪ್ಪಿಸುತ್ತೇನೆ’ ಎಂದು ಲೇಖಕ ಮಾತು ಕೊಡುತ್ತಾನೆ. ಕೊನೆಗೆ ಉತ್ತರ ತಿಳಿದಾಗ ಓದುಗ ‘ಅಯ್ಯೋ, ಇದು ಕಣ್ಣೆದುರೇ ಇತ್ತಲ್ಲ’ ಅನ್ನಬೇಕು. ‘ಇದನ್ನು ಹೇಳಿಯೇ ಇರಲಿಲ್ಲ’ ಅನ್ನುವಂತಾದರೆ ಕರಾರು ಮುರಿಯಿತು.

ಬರಹದಲ್ಲಿ ಕಣ್ಣು ತಪ್ಪಿಸುವುದು ಸುಲಭ. ಡಾಯ್ಲ್‌ರ ‘ದಿ ಸ್ಪೆಕಲ್ಡ್ ಬ್ಯಾಂಡ್’ ಕಥೆಯ ಕೋಣೆಯನ್ನು ನೋಡಿ. ಅಲ್ಲಿ ಎಳೆದರೆ ಗಂಟೆ ಬಾರಿಸದ ಗಂಟೆಹಗ್ಗ ಇದೆ. ಹೊರಗಿನ ಗಾಳಿಗೆ ತೆರೆಯುವ ಬದಲು ಪಕ್ಕದ ಕೋಣೆಗೆ ತೆರೆಯುವ ಗವಾಕ್ಷಿ ಇದೆ. ನೆಲಕ್ಕೆ ಬಿಗಿದ, ಸರಿಸಲು ಬಾರದ ಮಂಚ ಇದೆ. ಮೂರನ್ನೂ ಲೇಖಕರು ಬಚ್ಚಿಡದೆ ಹೇಳುತ್ತಾರೆ. ಓದುಗ ವಾಕ್ಯದಿಂದ ವಾಕ್ಯಕ್ಕೆ ಸರಿಯುತ್ತಾ ಅವನ್ನು ಕೂಡಿಸುವುದನ್ನು ಮರೆಯುತ್ತಾನೆ.

ಕ್ಯಾಮೆರಾಕ್ಕೆ ಈ ಸೌಕರ್ಯ ಇಲ್ಲ. ಹಗ್ಗವನ್ನು ಹತ್ತಿರದಿಂದ ತೋರಿಸಿದರೆ ಮನೆಮಂದಿಯೆಲ್ಲ ‘ಅದರಲ್ಲೇ ಏನೋ ಇದೆ’ ಅನ್ನುತ್ತಾರೆ. ದೂರದಿಂದ ತೋರಿಸಿದರೆ ಕಾಣುವುದೇ ಇಲ್ಲ, ಕೊನೆಗೆ ಮೋಸ ಅನಿಸುತ್ತದೆ. ಪುಸ್ತಕದಲ್ಲಿ ಕಥೆ ಹೇಳುವವನು ವಾಟ್ಸನ್, ಹೋಮ್ಸ್‌ನ ಮನಸ್ಸಿನೊಳಗೆ ನಮಗೆ ಪ್ರವೇಶವಿಲ್ಲ. ಟೀವಿಯಲ್ಲಿ ಹೋಮ್ಸ್‌ನ ಮುಖವೇ ಎದುರಿಗಿರುತ್ತದೆ. ಹುಬ್ಬು ಏರಿದರೂ ಸಾಕು, ಸುಳಿವು ಬಯಲಾಗುತ್ತದೆ. ಒಳ್ಳೆಯ ರೂಪಾಂತರ ಮಾಡುವವರ ನಿಜವಾದ ಪರೀಕ್ಷೆ ವೇಷಭೂಷಣಕ್ಕಿಂತ ಹೆಚ್ಚಾಗಿ ಇಲ್ಲಿದೆ.

ಅಳತೆಯೂ ಮುಖ್ಯ. ಹೋಮ್ಸ್‌ನ ಸಣ್ಣ ಕಥೆ ಒಂದು ಗಂಟೆಯ ಕಂತಿಗೆ ಚೆನ್ನಾಗಿ ಒಗ್ಗುತ್ತದೆ. ಅದೇ ಗ್ರನಾಡಾ ತಂಡ 1993ರಲ್ಲಿ ಎರಡು ಸಣ್ಣ ಕಥೆಗಳನ್ನು ಸಿನಿಮಾದಷ್ಟು ಉದ್ದಕ್ಕೆ ಎಳೆದಾಗ, ಮೂಲದಲ್ಲಿಲ್ಲದ್ದನ್ನು ತುಂಬಬೇಕಾಯಿತು. ಹತ್ತು ವರ್ಷ ಮೆಚ್ಚಿದ್ದ ನೋಡುಗರೇ ಆಗ ಮುಖ ಸಿಂಡರಿಸಿದರು. ಒಂದು ಸೇರು ಹಾಲಿಗೆ ಎರಡು ಸೇರು ನೀರು ಬೆರೆಸಿದರೆ ಬಣ್ಣ ಬಿಳಿಯೇ ಇದ್ದೀತು, ಕುಡಿದವರಿಗೆ ಗೊತ್ತಾಗುತ್ತದೆ.

ಧೋತ್ರದ ಸತ್ಯಾನ್ವೇಷಿ

ಭಾರತದ ಟೀವಿಯಲ್ಲಿ ಈ ಪರೀಕ್ಷೆ ಗೆದ್ದದ್ದು ‘ಬ್ಯೋಮಕೇಶ್ ಬಕ್ಷಿ’. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಸೃಷ್ಟಿಸಿದ ಈ ಬಂಗಾಳಿ ಪತ್ತೇದಾರನನ್ನು ಬಾಸು ಚಟರ್ಜಿ 1993ರಲ್ಲಿ ಹಿಂದಿ ಧಾರಾವಾಹಿಯಾಗಿ ದೂರದರ್ಶನಕ್ಕೆ ತಂದರು. ಎರಡನೆಯ ಕಂತುಮಾಲೆ 1997ರಲ್ಲಿ ಬಂತು. ರಜಿತ್ ಕಪೂರ್ ಬ್ಯೋಮಕೇಶ್, ಕೆ.ಕೆ. ರೈನಾ ಗೆಳೆಯ ಅಜಿತ್, ಸುಕನ್ಯಾ ಕುಲಕರ್ಣಿ ಹೆಂಡತಿ ಸತ್ಯವತಿ.

ಅಲ್ಲಿ ಕಾರುಗಳ ಓಟವಿಲ್ಲ, ಬಂದೂಕಿನ ಸದ್ದು ಕಡಿಮೆ. ಧೋತ್ರ ಉಟ್ಟ ಗೃಹಸ್ಥ ಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಾನೆ, ಕೇಳಿಸಿಕೊಳ್ಳುತ್ತಾನೆ, ಯೋಚಿಸುತ್ತಾನೆ. ಪತ್ತೇದಾರ ಎಂದು ಕರೆಸಿಕೊಳ್ಳುವುದು ಅವನಿಗೆ ಇಷ್ಟವಿಲ್ಲ, ತಾನು ಸತ್ಯಾನ್ವೇಷಿ ಎನ್ನುತ್ತಾನೆ. ಮದುವೆಯಾಗುತ್ತಾನೆ, ಸಂಸಾರ ಮಾಡುತ್ತಾನೆ. ಹೋಮ್ಸ್‌ನಿಂದ ಕಲಿತರೂ ಹೋಮ್ಸ್‌ನ ನಕಲಾಗದ ಈ ಗುಣವನ್ನು ಧಾರಾವಾಹಿ ಕೆಡಿಸಲಿಲ್ಲ. ಕಡಿಮೆ ಖರ್ಚಿನ ಸೆಟ್ಟುಗಳು, ನಿಧಾನ ನಡೆ ಎಂದು ದೂರುವವರು ಇದ್ದಾರೆ. ಆದರೂ 2020ರ ಲಾಕ್‌ಡೌನ್ ಹೊತ್ತಿನಲ್ಲಿ ದೂರದರ್ಶನ ಅದನ್ನು ಮತ್ತೆ ತೋರಿಸಿತು. 2015ರಲ್ಲಿ ದಿಬಾಕರ್ ಬ್ಯಾನರ್ಜಿ ಯುದ್ಧಕಾಲದ ಕಲಕತ್ತೆಯಲ್ಲಿ ಯುವಕ ಬ್ಯೋಮಕೇಶನ ಸಿನಿಮಾ ತೆಗೆದಾಗ, ಜನ ಅದನ್ನು ಹೋಲಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ರಜಿತ್ ಕಪೂರ್ ಜೊತೆ. ಇಪ್ಪತ್ತೆರಡು ವರ್ಷಗಳಲ್ಲಿ ರೂಪಾಂತರವೇ ಮೂಲದ ಗದ್ದುಗೆ ಏರಿತ್ತು.

ಈ ಸೀಮೆಯ ತಕ್ಕಡಿ

ರೂಪಾಂತರವನ್ನು ತೂಗಲು ಈ ಸೀಮೆಗೆ ತನ್ನದೇ ತಕ್ಕಡಿ ಇದೆ. ಇಲ್ಲಿಗೆ ದೂರವಲ್ಲದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಹಾಡು ಕೂಡಿಹಾಕುವವರಿಗೆಲ್ಲ ಎದುರಾಗುವ ಅನುಭವ ಒಂದಿದೆ. ಒಂದೇ ಹಾಡು ಈ ಓಣಿಯಲ್ಲಿ ಒಂದು ಬಗೆ, ಆ ಓಣಿಯಲ್ಲಿ ಇನ್ನೊಂದು ಬಗೆ. ಬೀಸುವ ಕಲ್ಲಿನ ಮುಂದೆ ಕೂತ ಅತ್ತೆ ಸೊಸೆಯರು ಯಾವುದು ಮೂಲ ಎಂದು ಜಗಳಾಡಲಿಲ್ಲ. ಹಾಡು ಜೀವ ಹಿಡಿದಿದೆಯೇ ಎಂದಷ್ಟೇ ನೋಡಿದರು.

ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು (1866-1921) ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ‘ಸುರತನಗರದ ಶ್ರೇಷ್ಠಿ’ ಮಾಡಿದರು. ವೆನಿಸ್ ಸುರತ ಆಯಿತು, ಹೆಸರುಗಳು ನಮ್ಮವಾದವು. ಬಿಬಿಸಿ 2010ರಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರನ್ನು ಹೋಮ್ಸ್ ಮಾಡಿ, ಕೈಗೆ ಮೊಬೈಲು ಕೊಟ್ಟು, ಇಂದಿನ ಲಂಡನ್ನಿನಲ್ಲಿ ನಿಲ್ಲಿಸಿದಾಗ ಬಹಳ ಜನ ಬೆರಗಾದರು. ಕೆರೂರರು ಅಂಥದೇ ಕೆಲಸವನ್ನು ನೂರು ವರ್ಷಗಳ ಹಿಂದೆ ಮಾಡಿ ಮುಗಿಸಿದ್ದರು.

ಕೊಲೆಯ ಕಥೆಯೂ ಈ ಕಡೆಯ ಜನಕ್ಕೆ ಹೊಸದಲ್ಲ. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದರ ಮೇಲೆ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಚಂದ್ರಶೇಖರ ಕಂಬಾರರು ಸಂಪಾದಿಸಿ ಪ್ರಕಟಿಸಿದ್ದಾರೆ. ಸಂಗ್ಯಾನನ್ನು ಕೊಂದವರು ಯಾರು, ಗೆಳೆಯ ಬಾಳ್ಯಾ ಏನು ಮಾಡಿದ ಎಂಬುದು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಬೆಳತನಕ ಕೂತು ನೋಡುತ್ತಾರೆ. ‘ಉತ್ತರ ಗೊತ್ತಾದರೆ ನೋಡುವವರಿಲ್ಲ’ ಎಂದು ಅಪರಾಧಿಯನ್ನೇ ಬದಲಿಸುವ ಟೀವಿ ತಯಾರಕರು ಒಮ್ಮೆ ಸಣ್ಣಾಟ ನೋಡಬೇಕು.

ಈ ತಕ್ಕಡಿ ಹೇಳುವುದು ಇಷ್ಟು. ಊರು ಬದಲಾಗಲಿ, ಕಾಲ ಬದಲಾಗಲಿ, ಉಡುಪು ಬದಲಾಗಲಿ, ಅಡ್ಡಿಯಿಲ್ಲ. ಆದರೆ ಪತ್ತೇದಾರಿ ಕಥೆ ಬೀಸುವ ಹಾಡಿನಂತೆ ಬಾಯಿಂದ ಬಾಯಿಗೆ ಬೆಳೆದದ್ದಲ್ಲ. ಅದು ಅಚ್ಚಿನಲ್ಲಿ ಹುಟ್ಟಿದ್ದು, ಸುಳಿವಿಗೆ ಸುಳಿವು ಕೀಲಿಸಿ ಕಟ್ಟಿದ್ದು. ಅದರಲ್ಲಿ ಸುಳಿವಿನ ನ್ಯಾಯ ಮತ್ತು ಗೆಳೆತನದ ಮರ್ಯಾದೆ ಕೆಡಬಾರದು.

ಮುಖವಿಲ್ಲದ ಪುರುಷೋತ್ತಮ

ಈಗ ಮನೆಯ ಮಾತಿಗೆ ಬರಬೇಕು. ಕನ್ನಡಕ್ಕೆ ಪತ್ತೇದಾರರ ಬಡತನ ಇರಲಿಲ್ಲ. ಚಿಕ್ಕಮಗಳೂರಿನಲ್ಲಿ 1925ರಲ್ಲಿ ಹುಟ್ಟಿದ, ನಾಲ್ಕನೆಯ ತರಗತಿಯವರೆಗಷ್ಟೇ ಓದಿದ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸಗಳು’ ಪ್ರಕಟಿಸಿದರು. ಆಮೇಲೆ ಮಧುಸೂದನ, ಅರಿಂಜಯ ಮೊದಲಾದ ಪತ್ತೇದಾರರು ಬಂದರು. 2011ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಾದಂಬರಿಗಳ ಸಂಖ್ಯೆ ಐನೂರು ದಾಟಿತ್ತು. ಬಾಡಿಗೆ ಪುಸ್ತಕದಂಗಡಿಗಳಲ್ಲಿ ಇವಕ್ಕೆ ಸರದಿ ಕಾಯುತ್ತಿದ್ದರು. ಕೂಡಿಸಿ ಓದಲು ಕಲಿತ ಎಷ್ಟೋ ಜನರಿಗೆ ಪೂರ್ತಿ ಪುಸ್ತಕ ಮುಗಿಸುವ ಛಲ ಹುಟ್ಟಿಸಿದವು ಇವೇ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಹೆಸರಾಂತ ಪತ್ತೇದಾರಿ ಕಾದಂಬರಿಕಾರರು.

ಇವರ ಪಾತ್ರಗಳು ಪರದೆಯ ಮೇಲೆ ಎಷ್ಟು ಬೆಳೆದವು? ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಟಿ.ಕೆ. ರಾಮರಾಯರ ಉದಾಹರಣೆಯೊಂದೇ ಸಾಕು. ಅವರ ಕಾದಂಬರಿಯಿಂದ ಬಂದ ಅತಿ ಜನಪ್ರಿಯ ಸಿನಿಮಾ 1972ರ ‘ಬಂಗಾರದ ಮನುಷ್ಯ’. ಅದು ಒಕ್ಕಲುತನದ, ತುಂಬು ಸಂಸಾರದ ಕಥೆ. ಟೀವಿಯಲ್ಲಿ ನಿಗೂಢ ಕಥೆಗೆ ಕನ್ನಡಿಗರು ಇಂದಿಗೂ ನೆನೆಯುವುದು ಸದಾನಂದ ಸುವರ್ಣರ ‘ಗುಡ್ಡದ ಭೂತ’ವನ್ನು. ಪ್ರಕಾಶ್ ರೈ ನಟಿಸಿದ್ದ ಆ ಧಾರಾವಾಹಿಯ ಬೇರು ತುಳು ನಾಟಕದಲ್ಲಿತ್ತು. 2019ರಲ್ಲಿ ಜಯತೀರ್ಥ ನಿರ್ದೇಶಿಸಿದ ‘ಬೆಲ್ ಬಾಟಂ’ ಚಿತ್ರದ ದಿವಾಕರ ಪತ್ತೇದಾರಿ ಕಥೆಗಳ ಹುಚ್ಚು ಹಿಡಿಸಿಕೊಂಡು ಬೆಳೆದವನು. ಆ ಹಳೆಯ ಓದಿಗೆ ಅದು ಪ್ರೀತಿಯ ನಮಸ್ಕಾರ. ಆದರೂ ಬ್ಯೋಮಕೇಶ್ ಎಂದರೆ ರಜಿತ್ ಕಪೂರ್ ಎಂಬ ಹಾಗೆ, ಪುರುಷೋತ್ತಮ ಎಂದೊಡನೆ ಎಲ್ಲರ ಕಣ್ಣಿಗೂ ಬರುವ ಒಬ್ಬ ನಟ ಕನ್ನಡದಲ್ಲಿ ಇಲ್ಲ.

ಅಗ್ಗದ ಕಾಗದದ ಪುಸ್ತಕಗಳು, ಅಗ್ಗದ ಸಾಹಿತ್ಯ ಎಂಬ ತಾತ್ಸಾರ ಇದಕ್ಕೊಂದು ಕಾರಣ. ಮನೆ, ಅತ್ತೆ, ಸೊಸೆ, ಕೋರ್ಟುಗಳ ದಿನನಿತ್ಯದ ಧಾರಾವಾಹಿಗೆ ಪತ್ತೇದಾರಿ ಕಥೆ ಒಗ್ಗದಿರುವುದು ಇನ್ನೊಂದು. ನೂರಾರು ಕಂತು ಎಳೆಯುವವರಿಗೆ ಉತ್ತರ ಹೇಳಿ ಮುಗಿಸುವ ಕಥೆ ಬೇಡ. ಪತ್ತೇದಾರಿ ಕಥೆಯ ಪ್ರಾಣವೇ ಉತ್ತರ.

ಇದರಿಂದ ಆದ ನಷ್ಟ ಸಣ್ಣದಲ್ಲ. ಹೋಮ್ಸ್‌ನನ್ನು ಬ್ರೆಟ್ ಕೆಡಿಸಿದರೋ ಬೆಳಗಿಸಿದರೋ ಎಂದು ವಾದಿಸುವವರು ವಾದ ಗೆಲ್ಲಲು ಮತ್ತೆ ಪುಸ್ತಕ ತೆಗೆಯುತ್ತಾರೆ. ಫೆಲುದಾ ತೆಳ್ಳಗಿದ್ದ ಎಂದು ಸಾಧಿಸುವವನು ಪುಟ ತೋರಿಸಬೇಕು. ರೂಪಾಂತರ ಕೆಟ್ಟದಾಗಿದ್ದರೂ ಅದು ಓದನ್ನು ಕೆದಕುತ್ತದೆ. ಪುರುಷೋತ್ತಮನ ಪರವಾಗಿ ಯಾರೂ ಜಗಳಾಡದಿದ್ದರೆ ಅವನ ಪುಸ್ತಕವನ್ನು ಯಾರೂ ಹುಡುಕುವುದಿಲ್ಲ. ಅವನನ್ನು ಬಲ್ಲವರಿಗೆ ಈಗ ತಲೆ ನರೆತಿದೆ. ಆ ತೆಳು ಕಾಗದ ಮುಟ್ಟಿದರೆ ಪುಡಿಯಾಗುತ್ತದೆ.

ಟೀವಿ ಧಾರಾವಾಹಿ ಮಾಡಿಸುವುದು ಝಳಕಿಯ ಓದುಗರ ಕೈಯಲ್ಲಿಲ್ಲ. ಆದರೆ ಕೈಯಲ್ಲಿರುವ ಕೆಲಸವೊಂದಿದೆ. ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ, ಊರ ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಇಂಥ ಪುಸ್ತಕ ಉಳಿದಿದ್ದರೆ ಹೊರಗೆ ತೆಗೆಯಿರಿ. ಹಿರಿಯರೊಬ್ಬರು ಒಂದು ಕಥೆಯನ್ನು ಉತ್ತರದ ಹಿಂದಿನ ಪುಟದವರೆಗೆ ಓದಿ ನಿಲ್ಲಿಸಲಿ. ಕೊಂದವರಾರು, ಸುಳಿವು ಎಲ್ಲಿತ್ತು, ಪುರುಷೋತ್ತಮನ ಪಾತ್ರ ಇಂದಿನ ಯಾವ ನಟ ಮಾಡಬೇಕು ಎಂದು ಮೊಮ್ಮಕ್ಕಳು ವಾದಿಸಲಿ. ವಾದ ಜೋರಾದಾಗ ಕೊನೆಯ ಪುಟ ಓದಿ. 1975ರಲ್ಲಿ ಒಂದೇ ಪೆಟ್ಟಿಗೆಯ ಮುಂದೆ ಊರು ಕೂಡಿದ ಸೀಮೆಯಲ್ಲಿ ಒಂದು ಪುಸ್ತಕದ ಮುಂದೆ ಹತ್ತು ಜನ ಕೂಡುವುದು ಕಷ್ಟವಾಗಲಾರದು.